ಬಿಳಿ ಕಲ್ಲಿನ ಬೆಟ್ಟದ ಮೇಲೊಂದು ಊರು

 

ಹೋದ ತಿಂಗಳು ಗುಂಡ್ಲುಪೇಟೆಯಿಂದ ಆರನೇ ತರಗತಿಯ ಹುಡುಗನೊಬ್ಬ ನನಗೆ ಕಾಗದ ಬರೆದಿದ್ದ. ಜೊತೆಗೆ ಪತ್ರಿಕೆಯಿಂದ ಕತ್ತರಿಸಿದ ಒಂದು ಚಿತ್ರವನ್ನೂ ಮಡಿಸಿ ಇಟ್ಟಿದ್ದ. ದಕ್ಷಿಣ ಇಟಲಿಯ ಮಟೇರಾ ಎಂಬ ಊರಿನ ಚಿತ್ರ. ಕಲ್ಲಿನ ಗುಡ್ಡದ ಮೇಲೆ ಮನೆಯ ಮೇಲೆ ಮನೆ, ಅದರ ಮೇಲೆ ಮತ್ತೊಂದು ಮನೆ. ಸಕ್ಕರೆ ಅಚ್ಚುಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗಿತ್ತು. ಹುಡುಗನ ಪ್ರಶ್ನೆ ಇದು: "ತಾತ, ನೀರು ಕೆಳಗೆ ಇರುತ್ತೆ, ಹೊಲ ಕೆಳಗೆ ಇರುತ್ತೆ. ಮತ್ತೆ ಜನ ಯಾಕೆ ಬೆಟ್ಟದ ಮೇಲೆ ಊರು ಕಟ್ಟುತ್ತಾರೆ?"

ಎಷ್ಟು ಒಳ್ಳೆಯ ಪ್ರಶ್ನೆ ನೋಡಿ! ಮೊದಲು ಆ ಇಟಲಿಯ ಕಥೆ ಮುಗಿಸೋಣ. ಆಮೇಲೆ ನಮ್ಮ ಸಂತೆಮರಹಳ್ಳಿಯಿಂದ ಬಸ್ಸು ಹತ್ತಿ ನಮ್ಮದೇ ಬೆಟ್ಟಕ್ಕೆ ಹೋಗಿ ಬರೋಣ.

ದಕ್ಷಿಣ ಇಟಲಿಯಲ್ಲಿ ಬೆಟ್ಟದ ಮೇಲಿನ ಊರುಗಳು ಬಹಳ. ಅದಕ್ಕೆ ಮುಖ್ಯವಾಗಿ ಎರಡು ಕಾರಣ. ಒಂದು, ಸಮುದ್ರದ ಕಡೆಯಿಂದ ಬರುತ್ತಿದ್ದ ದಾಳಿಕೋರರ ಭಯ. ಎತ್ತರದಲ್ಲಿದ್ದರೆ ದೂರದಿಂದಲೇ ಶತ್ರು ಕಾಣುತ್ತಾನೆ. ಎರಡನೆಯದು, ಜ್ವರದ ಭಯ. ಕೆಳಗಿನ ತಗ್ಗಿನಲ್ಲಿ ಜೌಗು ನೆಲ, ಅಲ್ಲಿ ಮಲೇರಿಯಾ. ಈ ಹೆಸರೇ ಇಟಲಿಯದು. 'ಮಾಲಾ ಅರಿಯಾ' ಎಂದರೆ ಆ ಭಾಷೆಯಲ್ಲಿ ಕೆಟ್ಟ ಗಾಳಿ. ಜೌಗಿನ ಕೆಟ್ಟ ಗಾಳಿಯಿಂದಲೇ ಜ್ವರ ಬರುತ್ತದೆ ಎಂದು ಜನ ನಂಬಿದ್ದರು. ಅದು ಗಾಳಿಯಿಂದಲ್ಲ, ಸೊಳ್ಳೆಯಿಂದ ಹರಡುತ್ತದೆ ಎಂಬ ಗುಟ್ಟು ಬಯಲಾಗಲು ರೊನಾಲ್ಡ್ ರಾಸ್ ಎಂಬ ವೈದ್ಯರು 1897ರಲ್ಲಿ ನಮ್ಮ ದೇಶದ ಸಿಕಂದರಾಬಾದಿನಲ್ಲಿ ಮಾಡಿದ ಸಂಶೋಧನೆಯೇ ದಾರಿ.

ನಮ್ಮಜ್ಜಿ ಮಾತ್ರ 'ಮಲೆಯಿಂದ ಬರೋದಕ್ಕೇ ಅದು ಮಲೇರಿಯಾ' ಎಂದು ಗಟ್ಟಿಯಾಗಿ ನಂಬಿದ್ದಳು! ಅವಳ ಕಾಲದಲ್ಲಿ ನಮ್ಮ ಕಡೆ ಜ್ವರದ ಭಯವಿದ್ದದ್ದು ಕಾಡಿನ ತಪ್ಪಲಿಗೆ. ಅಲ್ಲಿಯವರು ಜ್ವರಕ್ಕೆ ಹೆದರಿ ಬೆಟ್ಟ ಹತ್ತಿದರೆ, ನಮ್ಮವರು ಅದೇ ಜ್ವರಕ್ಕೆ ಹೆದರಿ ಬೆಟ್ಟದಿಂದ ದೂರ ಉಳಿದರು. ಹಾಗಾದರೆ ನಮ್ಮ ಬೆಟ್ಟದ ಮೇಲೆ ಊರು ಕಟ್ಟಿಕೊಂಡವರು ಯಾರು? ಬನ್ನಿ, ಹೋಗೋಣ.

ಈ ಬೇಸಿಗೆ ರಜೆಯಲ್ಲಿ ಮೈಸೂರಿನಿಂದ ನಮ್ಮ ಮೊಮ್ಮಗಳು ಪುಟ್ಟಿ ಬಂದಿದ್ದಳು. ಅವಳನ್ನು ಕರೆದುಕೊಂಡು ಬೆಳಿಗ್ಗೆಯೇ ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟೆ. ನಮ್ಮೂರಿನಿಂದ ಪೂರ್ವಕ್ಕೆ ತಿರುಗಿದರೆ ಮೊದಲು ಸಿಗುವುದು ಯಳಂದೂರು. ಊರು ಚಿಕ್ಕದು, ಚರಿತ್ರೆ ದೊಡ್ಡದು. ಅಲ್ಲಿನ ಗೌರೀಶ್ವರ ದೇವಸ್ಥಾನದ ಬಾಗಿಲಿಗೆ ಬಳೆಮಂಟಪ ಎನ್ನುತ್ತಾರೆ. ಕಲ್ಲಿನಲ್ಲೇ ಕಡೆದ ಬಳೆಗಳು ಒಂದಕ್ಕೊಂದು ಸರಪಳಿಯ ಹಾಗೆ ಜೋತುಬಿದ್ದಿವೆ. ಬೆಸುಗೆ ಇಲ್ಲ, ಅಂಟು ಇಲ್ಲ, ಎಲ್ಲ ಕಲ್ಲೇ. 'ರಾಜಶೇಖರ ವಿಳಾಸ' ಬರೆದ ಷಡಕ್ಷರದೇವ ಕವಿ ಇದ್ದದ್ದು ಈ ಊರಿನಲ್ಲಿ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿದ್ದು 'ಹದಿಬದೆಯ ಧರ್ಮ' ಬರೆದ ಸಂಚಿ ಹೊನ್ನಮ್ಮನ ಊರೂ ಇದೇ. ಮೈಸೂರಿನ ದಿವಾನರಾಗಿದ್ದ ಪೂರ್ಣಯ್ಯನವರಿಗೆ 1807ರಲ್ಲಿ ಈ ಯಳಂದೂರನ್ನು ಜಹಗೀರಾಗಿ ಕೊಟ್ಟರು.

ಯಳಂದೂರು ದಾಟಿ ಗುಂಬಳ್ಳಿ ಕಳೆಯಿತೋ ಇಲ್ಲವೋ, ಬೆಟ್ಟದ ಸಾಲು ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. "ತಾತ, ಅಲ್ಲಿ ನೋಡು, ಯಾರೋ ಸುಣ್ಣ ಬಳಿದಿದ್ದಾರೆ!" ಎಂದಳು ಪುಟ್ಟಿ. ಅದು ಸುಣ್ಣವಲ್ಲ ಮಕ್ಕಳೇ, ಬೆಟ್ಟದ ನೆತ್ತಿಯಲ್ಲಿರುವ ಬೆಳ್ಳನೆಯ ಕಡಿದಾದ ಬಂಡೆ. ಅದರಿಂದಲೇ ಬಿಳಿಗಿರಿ ಎಂಬ ಹೆಸರು. ಸಂಸ್ಕೃತದಲ್ಲಿ ಶ್ವೇತಾದ್ರಿ. ಆ ಬಂಡೆಯ ಅಂಚಿನಲ್ಲೇ ರಂಗನಾಥಸ್ವಾಮಿ ದೇವಸ್ಥಾನ ಇರುವುದು. ಬಿಸಿಲು ಬಿದ್ದಾಗ ಬಯಲಿನ ಹಳ್ಳಿಗಳಿಗೂ ಆ ಬಿಳುಪು ಕಾಣುತ್ತದೆ. ಈ ಸಾಲಿನ ಕಲ್ಲು ಎಷ್ಟು ಹಳೆಯದು ಗೊತ್ತೇ? ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದಿನದು. ಆಗ ಭೂಮಿಯ ಮೇಲೆ ಮರವೂ ಇರಲಿಲ್ಲ, ಮೀನೂ ಇರಲಿಲ್ಲ.

ತಪ್ಪಲಿನ ಚೆಕ್‌ಪೋಸ್ಟ್ ದಾಟಿದ ಮೇಲೆ ಬಸ್ಸು ತಿರುವಿನ ಮೇಲೆ ತಿರುವು ಹಾಕಿಕೊಂಡು ಏರತೊಡಗಿತು. ನಾನು ಪುಟ್ಟಿಗೆ ಒಂದು ಕೆಲಸ ಕೊಟ್ಟೆ. "ಕಿಟಕಿಯಿಂದ ಮರಗಳನ್ನ ನೋಡ್ತಾ ಇರು. ಎಲ್ಲಿ ಬದಲಾಗ್ತವೆ ಹೇಳು." ಮೊದಲು ಕುರುಚಲು, ಮುಳ್ಳು. ಆಮೇಲೆ ಎಲೆ ಉದುರಿಸಿ ನಿಂತ ದೊಡ್ಡ ಮರಗಳು. ಇನ್ನೂ ಮೇಲೆ ಹೋದಂತೆ ಹಸಿರು ದಟ್ಟವಾಯಿತು, ಗಾಳಿ ತಣ್ಣಗಾಯಿತು. ಪುಟ್ಟಿ ಶಾಲು ಕೇಳಿದಳು.

ಈಗ ಭೂಗೋಳದ ಪಾಠ. ಈ ಬೆಟ್ಟಗಳ ಬುಡ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ದೇವಸ್ಥಾನವಿರುವುದು 5,091 ಅಡಿ ಎತ್ತರದಲ್ಲಿ, ಅಂದರೆ ಸುಮಾರು 1,550 ಮೀಟರ್. ಸಾಲಿನಲ್ಲೇ ಎತ್ತರವಾದ ಕತ್ತರಿ ಬೆಟ್ಟ ಸುಮಾರು 1,800 ಮೀಟರ್. ಸಾವಿರ ಮೀಟರ್ ಮೇಲೇರಿದರೆ ಗಾಳಿ ಸಾಮಾನ್ಯವಾಗಿ ಆರೂವರೆ ಡಿಗ್ರಿಯಷ್ಟು ತಣ್ಣಗಾಗುತ್ತದೆ. ಬುಡದಿಂದ ದೇವಸ್ಥಾನಕ್ಕೆ ಏರಿದರೆ ಎಷ್ಟು ಡಿಗ್ರಿ ಕಡಿಮೆಯಾಗುತ್ತದೆ, ನೀವೇ ಲೆಕ್ಕ ಹಾಕಿ. ಪುಟ್ಟಿಯ ಶಾಲಿಗೆ ಕಾರಣ ಸಿಗುತ್ತದೆ. ಮಳೆಯೂ ಹಾಗೆಯೇ. ಬುಡದಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಬಿದ್ದರೆ ತುದಿಯಲ್ಲಿ 3,000 ಮಿಲಿಮೀಟರ್‌ವರೆಗೂ ಬೀಳುತ್ತದೆ. ಮುಂಗಾರೂ ಇಲ್ಲಿಗೆ ಬರುತ್ತದೆ, ಹಿಂಗಾರೂ ಬರುತ್ತದೆ. ಆದ್ದರಿಂದಲೇ ಒಂದೇ ಬೆಟ್ಟದಲ್ಲಿ ಮುಳ್ಳುಕಾಡು, ಎಲೆ ಉದುರುವ ಕಾಡು, ನಿತ್ಯಹಸುರಿನ ಕಾಡು, ಹುಲ್ಲುಗಾವಲು ಎಲ್ಲವೂ ಇವೆ.

ಭೂಪಟ ತೆಗೆದು ನೋಡಿ. ಪಶ್ಚಿಮ ಘಟ್ಟ ಒಂದು ಕಡೆ, ಪೂರ್ವ ಘಟ್ಟ ಒಂದು ಕಡೆ. ನಡುವೆ ಸೇತುವೆಯ ಹಾಗೆ ಮಲಗಿರುವುದು ಬಿಳಿಗಿರಿ ಸಾಲು. ದಕ್ಷಿಣಕ್ಕೆ ತಮಿಳುನಾಡಿನ ಸತ್ಯಮಂಗಲದ ಕಾಡು, ಪೂರ್ವಕ್ಕೆ ಮಲೆ ಮಹದೇಶ್ವರ ಬೆಟ್ಟದ ಕಡೆಯ ಕಾಡು. ಆನೆಗಳಿಗೆ ಇದೇ ಹೆದ್ದಾರಿ. ಈ ಸೀಮೆಯ ಕಾಡಿನ ನೀರನ್ನು ಕೂಡಿಸಿಕೊಂಡು ಬರುವ ಸುವರ್ಣಾವತಿಯನ್ನು ನಮ್ಮ ಹಳ್ಳಿಯವರು ಹೊನ್ನುಹೊಳೆ ಎನ್ನುತ್ತೇವೆ. ಅದು ಯಳಂದೂರಿನ ಪಕ್ಕ ಹರಿದು ಕಾವೇರಿಗೆ ಸೇರುತ್ತದೆ. ಬಯಲಿನಲ್ಲಿ ಭತ್ತ ಬೆಳೆಯುವ ನಾವು, ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ನಾವು, ನೀರಿಗಾಗಿ ಬೆಟ್ಟದ ಕಾಡಿನ ಋಣದಲ್ಲಿದ್ದೇವೆ.

ಬಸ್ಸು ಇಳಿದು ಮೆಟ್ಟಿಲು ಹತ್ತಿದೆವು. ಮಲಗಿರುವ ರಂಗನಾಥನನ್ನು ನೀವು ಶ್ರೀರಂಗಪಟ್ಟಣದಲ್ಲಿ ನೋಡಿರುತ್ತೀರಿ. ಇಲ್ಲಿಯ ರಂಗನಾಥ ನಿಂತಿದ್ದಾನೆ. ಇವನು ರಾತ್ರಿ ಹೊತ್ತು ಬೆಟ್ಟವೆಲ್ಲ ಸುತ್ತುತ್ತಾನಂತೆ. ಸುತ್ತಿ ಸುತ್ತಿ ಪಾದರಕ್ಷೆ ಸವೆಯುತ್ತದಂತೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಅವನಿಗೆ ಹೊಸದಾಗಿ ದೊಡ್ಡ ಚರ್ಮದ ಪಾದರಕ್ಷೆಗಳನ್ನು ಒಪ್ಪಿಸುವ ರೂಢಿ ಇದೆ. ಅವುಗಳ ಉದ್ದ ಒಂದು ಅಡಿ ಒಂಬತ್ತು ಅಂಗುಲ! ಭಕ್ತರ ತಲೆಗೆ ಆಶೀರ್ವಾದವಾಗಿ ಪಾದರಕ್ಷೆಯನ್ನೇ ಮುಟ್ಟಿಸುತ್ತಾರೆ. ಪುಟ್ಟಿ ತಲೆಬಗ್ಗಿಸಿ ನಿಂತು ಕಿಸಕ್ಕನೆ ನಕ್ಕಳು. ನಾನೂ ಚಿಕ್ಕವನಿದ್ದಾಗ ಹಾಗೆಯೇ ನಕ್ಕು ಅಪ್ಪನಿಂದ ಏಟು ತಿಂದಿದ್ದೆ.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಈ ಬೆಟ್ಟದ ಮೂಲ ಊರಿನವರು ಸೋಲಿಗರು. ತಾವು ಬಿದಿರಿನಿಂದ ಬಂದವರು ಎಂದು ಅವರ ಹಿರಿಯರು ಹೇಳುತ್ತಾರೆ. ಅವರ ಹಾಡಿನ ಕಥೆಯಲ್ಲಿ ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾಗುತ್ತಾನೆ. ಹಾಗಾಗಿ ಸೋಲಿಗರಿಗೆ ದೇವರು 'ಸ್ವಾಮಿ'ಯಲ್ಲ, 'ರಂಗಭಾವ'! ಅಕ್ಕತಂಗಿಯ ಗಂಡ. ನೆಂಟನ ಮನೆಗೆ ಹೋಗುವ ಹಾಗೆ ಅವರು ಜಾತ್ರೆಗೆ ಹೋಗುತ್ತಾರೆ.

ಸೋಲಿಗರ ಊರಿಗೆ ಪೋಡು ಎನ್ನುತ್ತಾರೆ. ಯರಕನಗದ್ದೆ, ಬಂಗ್ಲೆಪೋಡು, ಹೊಸಪೋಡು, ಪುರಾಣಿಪೋಡು ಹೀಗೆ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ತನ್ನ ಪ್ರವಾಸದ ಪುಸ್ತಕದಲ್ಲಿ ಸೋಲಿಗರ ಬಗ್ಗೆ ಬರೆದಿದ್ದಾನೆ. ಆದರೆ ಸೋಲಿಗರ ಚರಿತ್ರೆ ಇರುವುದು ಪುಸ್ತಕದಲ್ಲಲ್ಲ, ಕಾಡಿನಲ್ಲೇ. ಒಂದೊಂದು ಕುಲಕ್ಕೂ ಕಾಡಿನಲ್ಲಿ ಒಂದೊಂದು ಎಲ್ಲೆ. ಆ ಎಲ್ಲೆಯೊಳಗೆ ಅವರ ದೇವರು, ಮಾರಮ್ಮ, ವೀರ, ಹಿರಿಯರನ್ನು ಮಣ್ಣು ಮಾಡಿದ ಕಲ್ಲುಗುಡಿ ಮತ್ತು ನೀರಿನ ಸೆಲೆ. ಸೋಲಿಗರೇ ಆದ ಡಾ. ಸಿ. ಮಾದೇಗೌಡರೂ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರೂ ಹಿರಿಯರನ್ನು ಕರೆದುಕೊಂಡು ಕಾಡು ಸುತ್ತಿ ಇಂಥ ಐನೂರರಷ್ಟು ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿದ್ದಾರೆ. ನಾವು ಕಾಡು ಎಂದು ನೋಡುವ ಜಾಗ ಅವರಿಗೆ ಬೀದಿ, ಕೇರಿ, ಗುಡಿ, ಬಾವಿ ಎಲ್ಲ ಇರುವ ಊರು. ಒಂದು ಹಳೆಯ, ಬಹಳ ಹಳೆಯ ಸಂಪಿಗೆ ಮರವೂ ಅಲ್ಲಿದೆ. ಹೆಸರು ದೊಡ್ಡಸಂಪಿಗೆ. ಅದೂ ಅವರಿಗೆ ದೇವರೇ.

1974ರಲ್ಲಿ ಈ ಕಾಡನ್ನು ವನ್ಯಜೀವಿಧಾಮ ಎಂದು ಘೋಷಿಸಿದರು. 1987ರಲ್ಲಿ ಅದು ಸುಮಾರು 540 ಚದರ ಕಿಲೋಮೀಟರಿಗೆ ಬೆಳೆಯಿತು. ಆನೆ, ಕಾಟಿ, ಹುಲಿಗಳಿಗೆ ಅದು ಒಳ್ಳೆಯದೇ ಆಯಿತು. ಆದರೆ ಸೋಲಿಗರಿಗೆ? ಕಾಡು ಕಡಿದು ರಾಗಿ ಬೆಳೆಯುತ್ತಾ ಜಾಗ ಬದಲಿಸುತ್ತಿದ್ದ ಬೇಸಾಯ ನಿಂತಿತು. ಒಳಗಿನ ಪೋಡುಗಳಿಂದ ಅನೇಕ ಕುಟುಂಬಗಳನ್ನು ರಸ್ತೆ ಬದಿಗೆ, ಕಾಡಂಚಿಗೆ ತಂದು ಕೂರಿಸಿದರು. 2000ರ ದಶಕದಲ್ಲಿ ಜೇನು, ನೆಲ್ಲಿಕಾಯಿ, ಪಾಚಿ ಸಂಗ್ರಹಿಸಿ ಮಾರುವುದಕ್ಕೂ ತಡೆ ಬಂತು.

ಇಲ್ಲಿ ಒಂದು ಕ್ಷಣ ಮಟೇರಾಕ್ಕೆ ವಾಪಸು ಹೋಗೋಣ. ಅಲ್ಲಿ ಜನ ಕಲ್ಲನ್ನು ಕೊರೆದು ಮಾಡಿದ ಗುಹೆಮನೆಗಳಲ್ಲಿ ವಾಸಿಸುತ್ತಿದ್ದರು. ಆ ಕೇರಿಗಳ ಹೆಸರು ಸಾಸ್ಸಿ, ಅಂದರೆ ಕಲ್ಲುಗಳು. ಬಡತನ, ಕಾಯಿಲೆ, ಒಂದೇ ಕೋಣೆಯಲ್ಲಿ ಮನುಷ್ಯರೂ ಕತ್ತೆಗಳೂ. ಇದು ನಾಡಿಗೇ ನಾಚಿಕೆ ಎಂದು ಸರ್ಕಾರ 1952ರಲ್ಲಿ ಕಾನೂನು ಮಾಡಿ ಸುಮಾರು 15,000 ಜನರನ್ನು ಹೊಸ ಮನೆಗಳಿಗೆ ಸಾಗಿಸಿತು. ಕೇರಿಗಳು ಬರಿದಾದವು. ಆಮೇಲೆ 1993ರಲ್ಲಿ ಅದೇ ಸಾಸ್ಸಿ ವಿಶ್ವ ಪರಂಪರೆಯ ತಾಣವಾಯಿತು. ನಾಚಿಕೆ ಎಂದದ್ದನ್ನೇ ಹೆಮ್ಮೆ ಎಂದರು. ಗುಹೆಯಲ್ಲಿ ಹುಟ್ಟಿದವರ ಮೊಮ್ಮಕ್ಕಳು ಇಂದು ಪ್ರವಾಸಿಗರಿಗೆ ಅದನ್ನು ತೋರಿಸುತ್ತಾರೆ.

ನಮ್ಮ ಬೆಟ್ಟದಲ್ಲೂ ಹೀಗೆ ಮಾತು ತಿರುಗಿದ ಒಂದು ಸಂಗತಿ ಇದೆ. ಅದೇ ತರಗು ಬೆಂಕಿ. ಬೇಸಿಗೆ ಕಾವೇರುವ ಮುಂಚೆಯೇ ಸೋಲಿಗರು ನೆಲದ ಒಣ ತರಗಿಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ಅದು ಮೊಣಕಾಲೆತ್ತರ ಉರಿದು ಆರುತ್ತಿತ್ತು. ಹೊಸ ಹುಲ್ಲು ಬರುತ್ತಿತ್ತು. ನೆಲ್ಲಿಮರವನ್ನು ಹೀರಿ ಒಣಗಿಸುವ ಉಪ್ಪಿಲು ಎಂಬ ಬಂದಳಿಕೆ ಹದ್ದಿನಲ್ಲಿರುತ್ತಿತ್ತು ಎನ್ನುತ್ತಾರೆ ಅವರು. ಕಾಡು ಸುಡುವವರು ಎಂದು ಬಯಲಿನ ನಾವೆಲ್ಲ ಬೈದೆವು. ಬೆಂಕಿ ನಿಂತಿತು. ಆಮೇಲೆ ಕಾಡು ತುಂಬ ಲಂಟಾನ ಹಬ್ಬಿತು. ಅದು ದಕ್ಷಿಣ ಅಮೆರಿಕದ ಕಡೆಯ ಗಿಡ, ಇನ್ನೂರು ವರ್ಷದ ಹಿಂದೆ ಹೂವಿನ ಅಂದಕ್ಕೆಂದು ಬ್ರಿಟಿಷರು ತಂದದ್ದು. 1997ರಲ್ಲಿ ಎಣಿಸಿದ್ದಕ್ಕೆ ಹೋಲಿಸಿದರೆ 2008ರ ಹೊತ್ತಿಗೆ ಲಂಟಾನ ಇರುವ ಜಾಗ ಈ ಕಾಡಿನಲ್ಲಿ ಸುಮಾರು ಎರಡರಷ್ಟಾಗಿತ್ತು. ಈಗ ವಿಜ್ಞಾನಿಗಳೂ ಸೋಲಿಗರ ಮಾತನ್ನು ಕಿವಿಗೊಟ್ಟು ಕೇಳುತ್ತಿದ್ದಾರೆ. ಹಾಗೆಂದು ನೀವು ಯಾರೂ ಕಾಡಿನ ಹತ್ತಿರ ಕಡ್ಡಿ ಗೀರಬೇಡಿ! ಲಂಟಾನ ತುಂಬಿದ ಕಾಡಿಗೆ ಬೇಸಿಗೆಯಲ್ಲಿ ಕಿಡಿ ಬಿದ್ದರೆ ಅದು ಮರದ ತುದಿವರೆಗೂ ಉರಿಯುತ್ತದೆ. ಅದು ಅಪರಾಧವೂ ಹೌದು.

ಒಳ್ಳೆಯ ಸುದ್ದಿಯೂ ಇದೆ. ಡಾ. ಎಚ್. ಸುದರ್ಶನ್ ಎಂಬ ವೈದ್ಯರು ಬೆಟ್ಟಕ್ಕೆ ಬಂದು ನೆಲೆಸಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಆಸ್ಪತ್ರೆ ಬಂತು, ಶಾಲೆ ಬಂತು. 2006ರಲ್ಲಿ ದೇಶಕ್ಕೆ ಅರಣ್ಯ ಹಕ್ಕು ಕಾಯ್ದೆ ಬಂತು. 2011ರಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವಾದ ವರ್ಷವೇ ಸೋಲಿಗರ ಗ್ರಾಮಸಭೆಗಳಿಗೆ ಕಾಡಿನ ಸಮುದಾಯ ಹಕ್ಕುಪತ್ರಗಳು ಸಿಕ್ಕವು. ಹುಲಿಯ ಕಾಡಿನೊಳಗೆ ಇಂಥ ಹಕ್ಕು ಪಡೆದವರಲ್ಲಿ ದೇಶದಲ್ಲೇ ಸೋಲಿಗರು ಮೊದಲಿಗರು.

ಇಷ್ಟೆಲ್ಲ ಹೇಳಿದ ಮೇಲೆ ನನ್ನದೂ ಒಂದು ಲೆಕ್ಕ ಒಪ್ಪಿಸಬೇಕು ಮಕ್ಕಳೇ.

ನಮ್ಮೂರಿನ ಹೆಸರಿನಲ್ಲೇ ಸಂತೆ ಇದೆಯಲ್ಲ. ನಾನು ಹತ್ತು ವರ್ಷದವನಿದ್ದಾಗ ಬೆಟ್ಟದಿಂದ ಸೋಲಿಗರು ಸಂತೆಗೆ ಇಳಿದು ಬರುತ್ತಿದ್ದರು. ಸೋರೆಬುರುಡೆಯಲ್ಲಿ ಜೇನುತುಪ್ಪ, ಕುಕ್ಕೆಯಲ್ಲಿ ನೆಲ್ಲಿಕಾಯಿ. ಒಂದು ದಿನ ಅಜ್ಜಿಯ ಕೆಮ್ಮಿಗೆ ಜೇನು ತರಲು ನಮ್ಮಜ್ಜ ನನ್ನ ಕೈಗೆ ಒಂದು ರೂಪಾಯಿ ಕೊಟ್ಟರು. ಜೇನು ಮಾರುತ್ತಿದ್ದದ್ದು ನನ್ನಷ್ಟೇ ವಯಸ್ಸಿನ ಹುಡುಗ. ಬೆಲೆ ಒಂದು ರೂಪಾಯಿ ಎಂದ. ನಾನು ಎಂಟಾಣೆಯ ನಾಣ್ಯ ಕೊಟ್ಟೆ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಸರಿಯಾಗದಾ?" ಎಂದು ಕೇಳಿದ. "ಸರಿಯಾಗದೆ" ಎಂದೆ. ಉಳಿದ ಎಂಟಾಣೆಗೆ ಕಡ್ಲೆಪುರಿ, ಬತ್ತಾಸು ತಿಂದೆ. ಅವನು ನನ್ನ ಮಾತು ನಂಬಿ ಆ ನಾಣ್ಯವನ್ನು ಸೊಂಟದ ಬಟ್ಟೆಗೆ ಗಂಟು ಹಾಕಿಕೊಂಡದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಎಂಟಾಣೆ ಏನು ಮಹಾ, ಎನ್ನಬೇಡಿ. 2004ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಸಂತೆಮರಹಳ್ಳಿ ಕ್ಷೇತ್ರದಲ್ಲಿ ಗೆದ್ದವರಿಗೆ 40,752 ಮತ, ಸೋತವರಿಗೆ 40,751. ಒಂದೇ ಒಂದು! ಚಿಕ್ಕದು ಎಂಬುದು ಎಷ್ಟು ದೊಡ್ಡದು ಎಂದು ನಮ್ಮೂರಿನವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬೆಟ್ಟದ ಮೇಲೆ ಒಂದು ಚಹಾದಂಗಡಿಯ ಬೆಂಚಿನಲ್ಲಿ ಕೂತು ಪುಟ್ಟಿಗೆ ಇದನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾತ, ಈಗಲೇ ವಾಪಸು ಕೊಟ್ಟುಬಿಡು" ಎಂದಳು. ಪಕ್ಕದಲ್ಲಿ ಸೋಲಿಗರ ಹಿರಿಯರೊಬ್ಬರು ಚಹಾ ಕುಡಿಯುತ್ತಿದ್ದರು. ನನ್ನದೇ ವಯಸ್ಸು. ಪುಟ್ಟಿಯ ಒತ್ತಾಯಕ್ಕೆ ಅವರಿಗೆ ಎಲ್ಲ ಹೇಳಿ, "ಆ ಹುಡುಗ ಯಾರಿರಬಹುದು?" ಎಂದು ಕೇಳಿದೆ.

ಅವರು ಜೋರಾಗಿ ನಕ್ಕರು. ಆಮೇಲೆ ಲೋಟ ಕೆಳಗಿಟ್ಟು, "ಯಾವ ಹುಡುಗ ಅಂತ ಹುಡುಕೀರಿ ಬುದ್ದಿ? ಸಂತೆಗೆ ಇಳಿದೋರೆಲ್ಲ ಹಂಗೇ ಹತ್ತಿ ಬಂದೋರು ಕನ" ಎಂದರು.

ನನಗೆ ಮಾತು ಹೊರಡಲಿಲ್ಲ. ಅವರೇ ಪುಟ್ಟಿಯ ಕಡೆ ತಿರುಗಿ, "ಬಾ ಕೂಸು, ಜೇನು ಎಷ್ಟು ತರ ಹೇಳ್ತೀನಿ" ಎಂದು ಬೆರಳು ಮಡಿಸತೊಡಗಿದರು. ಬಂಡೆಗೆ ಕಟ್ಟುವ ಹೆಜ್ಜೇನು, ಪೊಟರೆಯ ತುಡುವೆ, ಕಡ್ಡಿಗೆ ಕಟ್ಟುವ ಕಡ್ಡಿಜೇನು, ಚುಚ್ಚದ ನೆಸರಿಜೇನು. ಗೂಡು ಪೂರ್ತಿ ಕೀಳಬಾರದು, ಮರಿಗೆ ಬಿಡಬೇಕು ಎಂಬುದನ್ನೂ ಹೇಳಿಕೊಟ್ಟರು. ಪುಟ್ಟಿ ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಬರುವಾಗ ಅಂಗಡಿಯಲ್ಲಿ ಒಂದು ಬಾಟಲಿ ಜೇನು ಕೊಂಡೆವು. ದುಡ್ಡನ್ನು ಪುಟ್ಟಿಯೇ ಎರಡು ಸಲ ಎಣಿಸಿ ಕೊಟ್ಟಳು.

ಗುಂಡ್ಲುಪೇಟೆಯ ಮರಿ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದು. ಕೆಲವರು ಭಯಕ್ಕೆ ಬೆಟ್ಟ ಹತ್ತಿದರು. ಕೆಲವರು ದೇವರಿಗೆ ಹತ್ತಿದರು. ಸೋಲಿಗರು ಮಾತ್ರ ಹತ್ತಿದವರೇ ಅಲ್ಲ, ಅವರು ಅಲ್ಲೇ ಇದ್ದವರು. ಅವರ ಲೆಕ್ಕದಲ್ಲಿ ಊರು ಕಟ್ಟಲು ಕೆಳಕ್ಕೆ ಇಳಿದವರು ನಾವು!

ಈ ವಾರದ ಕೆಲಸ: ನಿಮ್ಮ ಮನೆಯ ಕಿಟಕಿಯಿಂದಲೋ ಶಾಲೆಯ ಅಂಗಳದಿಂದಲೋ ಕಾಣುವ ಒಂದು ಬೆಟ್ಟವನ್ನು ಆರಿಸಿಕೊಳ್ಳಿ. ಗುಂಡ್ಲುಪೇಟೆಯವರಿಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಇದ್ದೇ ಇದೆ. ಅದರ ಹೆಸರು ಹೇಗೆ ಬಂತು, ಅಲ್ಲಿಂದ ಯಾವ ನೀರು ಇಳಿಯುತ್ತದೆ, ಅಲ್ಲಿ ಮೊದಲು ಯಾರಿದ್ದರು ಎಂದು ಅಜ್ಜ ಅಜ್ಜಿಯನ್ನು ಕೇಳಿ ಒಂದು ಪುಟ ಬರೆದು ಕಳಿಸಿ. ಅಜ್ಜ ಅಜ್ಜಿಯರೇ, ನಿಮಗೂ ಒಂದು ಕೆಲಸ. ಕೊಡುವುದು ಬಾಕಿ ಉಳಿದ ಎಂಟಾಣೆ ನಿಮ್ಮದೂ ಒಂದು ಎಲ್ಲಾದರೂ ಇದ್ದರೆ, ಮೊಮ್ಮಕ್ಕಳಿಗೆ ಹೇಳಿ. ಹೇಳಿದ ಮೇಲೆ ಏನು ಮಾಡಬೇಕು ಎಂದು ಅವರೇ ಹೇಳುತ್ತಾರೆ.

ಮುಂದಿನ ವಾರ ಸಿಗೋಣ.